ಮೀಸೆಯನ್ನೂ ಬಿಡಲಿಲ್ಲ

ನಮ್ಮ ಚರ್ಚಿನ ಸೇವಾ ತಂಡದಲ್ಲಿ ನನ್ನ ಪಾಲಿನ ಕೆಲಸ ಕ್ಷೌರ. ಬೀದಿಯಲ್ಲಿ ಮಲಗುವವರನ್ನು ವ್ಯಾನಿನಲ್ಲಿ ಆಶ್ರಮಕ್ಕೆ ಕರೆತಂದರೆ ಮೊದಲು ತಲೆ, ಗಡ್ಡ, ಮೀಸೆ ಬೋಳಿಸಬೇಕು. ಆಮೇಲೆ ಬಿಸಿನೀರಿನ ಸ್ನಾನ, ಆಮೇಲೆ ಗಂಜಿ. ಹೇನು, ಕಜ್ಜಿಯ ಭಯಕ್ಕೆ ಮಾಡಿಕೊಂಡ ಕ್ರಮ. ನರ್ಸ್ ಆಗಿ ನಿವೃತ್ತಳಾದ ನನಗೆ ಇದರಲ್ಲಿ ಅಸಹ್ಯವೇನೂ ಇರಲಿಲ್ಲ. ಹತ್ತೇ ನಿಮಿಷದಲ್ಲಿ ಒಂದು ತಲೆ ಮುಗಿಸುತ್ತೇನೆಂಬ ಜಂಬ ಮಾತ್ರ ಧಾರಾಳವಾಗಿತ್ತು.

ಆ ದಿನ ಬೆಳಿಗ್ಗೆ ಅತ್ತಾವರದ ಆಸ್ಪತ್ರೆಯೊಂದರ ಎದುರಿನ ಫುಟ್‌ಪಾತಿನಿಂದ, ಜ್ವರದಲ್ಲಿ ಮುದುಡಿ ಮಲಗಿದ್ದವರೊಬ್ಬರನ್ನು ಕರೆತಂದೆವು. ವಯಸ್ಸು ಐವತ್ತರ ಆಸುಪಾಸು. ಜಿಡ್ಡುಗಟ್ಟಿದ ಕೂದಲು, ಕೊಳೆಯಾದ ಲುಂಗಿ. ನಾನು ಟ್ರಿಮ್ಮರ್ ಎತ್ತಿಕೊಂಡಾಗ ಕೈ ತಡೆದು, ತನ್ನ ಹೆಂಡತಿ ಆ ಆಸ್ಪತ್ರೆಯ ವಾರ್ಡಿನಲ್ಲಿದ್ದಾಳೆ, ತಾನು ಭಿಕ್ಷುಕನಲ್ಲ ಎಂದರು. ಇಂಥ ಮಾತು ಎಷ್ಟು ಕೇಳಿರಲಿಲ್ಲ ನಾನು! ಒಬ್ಬರಿಗೆ ದುಬೈಯಲ್ಲಿ ಮಗ, ಇನ್ನೊಬ್ಬರಿಗೆ ಬೆಂಗ್ರೆಯಲ್ಲಿ ಸ್ವಂತ ಬೋಟು.

"ಆಯ್ತು ಅಣ್ಣ, ಮೊದಲು ಕ್ಲೀನ್ ಆಗುವ. ಮತ್ತೆ ಹೆಂಡತಿಯನ್ನು ನೋಡುವ," ಎಂದೆ.

ಅವರು ಬೇಡ ಬೇಡ ಎನ್ನುತ್ತಲೇ ಇದ್ದರು. ತಂಡದ ಇಬ್ಬರು ಭುಜ ಹಿಡಿದುಕೊಂಡರು, ನಾನು ಮುಗಿಸಿದೆ. ಮೀಸೆಯನ್ನೂ ಬಿಡಲಿಲ್ಲ.

ಮರುದಿನ ಜ್ವರ ಇಳಿಯಿತು. ಅವರು ಸೊಂಟದ ಬೆಲ್ಟಿನ ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ರೋಗಿಯ ಜೊತೆಗಿರುವವರಿಗೆ ಆಸ್ಪತ್ರೆ ಕೊಡುವ ಪಾಸ್. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಉಳಿಯುವ ಹಾಗಿಲ್ಲ. ಇಪ್ಪತ್ತು ದಿನ ಫುಟ್‌ಪಾತಿನಲ್ಲೇ ಮಲಗಿ, ಹೆಂಡತಿಗೆ ಮಾತ್ರ ಪರಿಚಯದವರ ಮನೆಯಲ್ಲಿದ್ದೇನೆ ಎಂದು ಹೇಳುತ್ತಿದ್ದರಂತೆ. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಕೂಡಲೇ ರಿಕ್ಷಾ ಮಾಡಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಾರ್ಡಿನ ಬಾಗಿಲಲ್ಲಿ ಅವರು ನಿಂತುಬಿಟ್ಟರು.

"ಈ ತಲೆಯಲ್ಲಿ ಹೇಗೆ ಒಳಗೆ ಹೋಗುವುದು ಬಾಯಮ್ಮ? ಯಾರು ತೀರಿಹೋದದ್ದು ಅಂತ ಕೇಳ್ತಾಳೆ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ."

ನನಗೆ ಗೊತ್ತಿಲ್ಲದ ವಿಷಯವೇ ಇದು? ನೆರೆಮನೆಗಳಲ್ಲಿ ಸತ್ತವರ ಉತ್ತರಕ್ರಿಯೆಗೆ ಹೋಗಿ ಎಷ್ಟು ಬೊಜ್ಜದ ಊಟ ಉಂಡವಳು ನಾನು. ತಲೆ, ಮೀಸೆ ಬೋಳಿಸಿಕೊಂಡು ಕೂತ ಗಂಡುಮಕ್ಕಳನ್ನು ನೋಡಿ ಕಣ್ಣೊರೆಸಿಕೊಂಡವಳು. ಬೀದಿಯಲ್ಲಿ ಮಲಗಿದವರಿಗೂ ಒಂದು ಮನೆಯಿರಬಹುದು, ಅಲ್ಲಿಯೂ ಸಾವು ನೋವು ಇರುತ್ತದೆ ಎಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಹೇಗೋ ಒಪ್ಪಿಸಿ ಒಳಗೆ ಕರೆದುಕೊಂಡು ಹೋದೆ. ಹಿಂದಿನ ದಿನವಿಡೀ ದಾರಿ ಕಾದಿದ್ದ ಆ ಹೆಂಗಸು ಗಂಡನನ್ನು ಕಂಡು ಎದ್ದು ಕೂರಲು ಹೆಣಗಿದರು. ಅತ್ತೆ ಹೋದರಾ ಎಂದು ಕೇಳಿದರು. ಇಲ್ಲ ಎಂದು ಗಂಡ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಕೊನೆಗೆ ನನ್ನ ಕೊರಳಿನ ಶಿಲುಬೆಯನ್ನು ನೋಡಿ, "ನೀವು ದೇವರ ಕೆಲಸದವರು. ನೀವಾದ್ರೂ ಸತ್ಯ ಹೇಳಿ, ಎಂತ ಆದದ್ದು?" ಎಂದರು.

ಸತ್ಯ ಹೇಳಿದರೆ ಫುಟ್‌ಪಾತಿನ ಸಂಗತಿಯನ್ನೂ ಹೇಳಬೇಕು. ಗಂಡ ಹೇಳಬೇಡಿ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಅವರ ಮಾನ ಉಳಿಸಲು ಸುಳ್ಳು ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ನಿಜವಾಗಿ ಉಳಿದದ್ದು ನನ್ನ ಮಾನ.

"ನಿಮಗೆ ಗುಣ ಆಗಲಿ ಅಂತ ಹರಕೆ ಹೇಳಿ ಮುಡಿ ಕೊಟ್ಟದ್ದು," ಎಂದೆ.

ಆಕೆ ಅತ್ತುಬಿಟ್ಟರು. ಗಂಡನನ್ನು ಹತ್ತಿರ ಕರೆದು, ಮೀಸೆಯಿಲ್ಲದ ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇವರಿಗೆ ಮೀಸೆ ಅಂದ್ರೆ ಜೀವ, ಬಾಯಮ್ಮ. ಯಾರಿಗೂ ಮುಟ್ಟಲಿಕ್ಕೆ ಬಿಟ್ಟವರಲ್ಲ. ನನಗೋಸ್ಕರ ಕೊಟ್ರಲ್ಲ."

ಗಂಡನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದದ್ದೂ ನಾನೇ ಎಂದುಕೊಂಡರೋ ಏನೋ, ಆಕೆ ನನಗೆ ಎರಡೂ ಕೈ ಮುಗಿದರು. ಅವರ ಗಂಡ ತಲೆ ಎತ್ತಲಿಲ್ಲ. ನಾನೂ ಕೈ ಮುಗಿದೆ.