ನೀಲಿ ಬಣ್ಣದ ಗರ್ಭಕೋಶ

ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಕಡೂರಿನ ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನವೇ ನಮ್ಮತ್ತೆ ತೀರ್ಪು ಕೊಟ್ಟುಬಿಟ್ಟರು. "ಎರಡು ಮಕ್ಳಾದ್ವಲ್ಲ, ಇನ್ಯಾಕೆ ಅದು? ಗರ್ಭಕೋಶನೇ ತೆಗೆಸಿ ಬಿಸಾಕು. ನಾನು ತೆಗೆಸಿ ಮೂವತ್ತು ವರ್ಷ ಆಯ್ತು, ಏನಾಗೈತೆ ನಂಗೆ?"

ತಿಂಗಳಿಗೆ ಹತ್ತು ದಿನ ರಕ್ತ ಹೋಗಿ ನಾನು ಸೊರಗಿದ್ದೆ, ನಿಜ. ಆದರೂ ಮನಸ್ಸು ಒಪ್ಪಲಿಲ್ಲ. ಮೂರನೇ ಮಗು ಖಂಡಿತ ಬೇಡ. ನನ್ನದು ನನ್ನಲ್ಲೇ ಇರಲಿ, ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳಿದರೆ ನನಗೇ ಹುಚ್ಚು ಅನಿಸುತ್ತಿತ್ತು.

ಗಡ್ಡೆ ಮಾತ್ರ ತೆಗೆಯಲು ಆಗುತ್ತದೇನೋ ಕೇಳೋಣವೆಂದು ಅತ್ತೆಯ ಜೊತೆ ತರೀಕೆರೆಯ ಡಾಕ್ಟರಮ್ಮನ ಬಳಿಗೆ ಹೊರಟೆ. ಕಡೂರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಎಂದಿದ್ದರು. ಅದನ್ನೇ ನಂಬಿ ಅಜ್ಜಂಪುರದಲ್ಲಿ ಬಸ್ಸು ಹತ್ತುವ ಮೊದಲೇ ಎರಡು ಬಾಟಲಿ ಮುಗಿಸಿ, ರಸ್ತೆಯ ಗುಂಡಿಗೊಂದು ದೇವರನ್ನು ನೆನೆಯುತ್ತ ಬಂದರೆ, ಇಲ್ಲಿನ ನರ್ಸ್ "ಮೊದ್ಲು ಬಾತ್‌ರೂಮಿಗೆ ಹೋಗ್ಬನ್ರಿ. ಇದು ಒಳಗಿಂದ ಮಾಡೋ ಸ್ಕ್ಯಾನು, ಖಾಲಿ ಇರ್ಬೇಕು" ಎಂದಳು. ಒಂದೇ ಹೊಟ್ಟೆಗೆ ಎರಡು ಕಾನೂನು! ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು.

ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದರು. ಬೂದಿ ಕಲಸಿದಂತಿದ್ದ ಚಿತ್ರದ ಮೇಲೆ ಅದು ತಾನೇ ಗೆರೆ ಎಳೆದು ಬಣ್ಣ ತುಂಬಿತು. ದೊಡ್ಡದೊಂದು ನೀಲಿ, ಅದರೊಳಗೆ ಸಣ್ಣದೊಂದು ಕೆಂಪು.

"ಗಡ್ಡೆ ಒಂದನ್ನೇ ತೆಗೆದ್ರೆ ಸಾಕು. ಯಾವ್ದು ತೆಗೀಬೇಕು ಅಂತ ಗೊತ್ತಾಯ್ತಾ?" ಎಂದರು.

ಗೊತ್ತಾಗದೆ ಏನು? ಕೆಂಪು ಎಂದರೆ ಕುಂಕುಮ, ಶುಭ. ನೀಲಿ ವಿಷ ಏರಿದ ಬಣ್ಣ. "ನೀಲಿ ತೆಗೀರಿ ಮೇಡಂ, ಕೆಂಪು ಒಂದು ಉಳಿಸ್ಕೊಡಿ" ಎಂದು ಕೈಮುಗಿದೆ.

ಡಾಕ್ಟರಮ್ಮ ಗಾಬರಿಯಾದರು. "ಅಯ್ಯೋ, ನೀಲಿನೇ ಗರ್ಭಕೋಶ ಕಣಮ್ಮ! ಕೆಂಪು ಗಡ್ಡೆ. ಬಣ್ಣ ಬರೀ ಗುರುತಿಗೆ, ಮಿಷನ್ನು ಹಾಕಿದ್ದು."

ಉಳಿಸಿಕೊಳ್ಳಲೆಂದು ಬಂದದ್ದನ್ನೇ ಕೈಮುಗಿದು ಕೊಡಲು ಹೊರಟಿದ್ದೆ. ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೂ ಗೊತ್ತಿತ್ತು. ಕೆಂಪಗಿರುವುದೆಲ್ಲ ಕುಂಕುಮವಲ್ಲ ಎಂದು ತರೀಕೆರೆಗೆ ಹೋಗಿ ಕಲಿಯಬೇಕಾಯಿತು.

ಅಷ್ಟರಲ್ಲಿ ಅವರು ಕೆಂಪಿನ ಅಂಚನ್ನು ಮೌಸಿನಿಂದ ಒಂಚೂರು ಒಳಕ್ಕೆ ಸರಿಸಿದರು. ಮಿಷನ್ನು ಅಲ್ಲಿ ಗಡ್ಡೆಯನ್ನು ಸ್ವಲ್ಪ ದೊಡ್ಡದಾಗಿ ಗುರುತಿಸಿದೆಯಂತೆ. ಗೆರೆ ಸರಿದರೆ ಗಡ್ಡೆಯೂ ಸರಿಯುತ್ತದೆಯೇ? ತಲೆ ಕೆಟ್ಟು ಕೇಳಿಯೇಬಿಟ್ಟೆ. "ನಿಮ್ಮಿಬ್ರಲ್ಲಿ ನಾನು ಯಾರನ್ನ ನಂಬ್ಲಿ ಮೇಡಂ?"

"ಅದು ತೋರಿಸುತ್ತೆ, ನಾನು ತಿದ್ತೀನಿ. ಆಪರೇಷನ್ ಮಾಡುವಾಗ್ಲೂ ಸ್ಕ್ಯಾನ್ ನೋಡ್ಕೊಂಡೇ ಮಾಡ್ತೀನಿ, ನೀಲಿಗೆ ಏನೂ ಆಗದ ಹಾಗೆ."

ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಸಹಿ ಹಾಕಿದೆ.

ಗಡ್ಡೆ ಹೋಯಿತು, ಗರ್ಭಕೋಶ ಉಳಿಯಿತು. ಮನೆಗೆ ಬಂದ ಮರುದಿನ ಅತ್ತೆ ನನ್ನ ಫೈಲಿನಿಂದ ಆ ಬಣ್ಣದ ಚಿತ್ರವನ್ನು ತೆಗೆದು ಕಿಟಕಿಯ ಬಳಿ ಕೂತರು. ಇನ್ನೇನು ಗೇಲಿ ಮಾಡುತ್ತಾರೆ, ನಾಲ್ಕು ಮಾತು ತಿರುಗಿಸಿ ಅಂದೇಬಿಡೋಣ ಎಂದು ನಾನೂ ಸಿದ್ಧವಾಗಿದ್ದೆ. ಅವರು ನೀಲಿಯ ಸುತ್ತ ನಿಧಾನವಾಗಿ ಬೆರಳಾಡಿಸಿದರು.

"ನಂದೂ ಹಿಂಗೇ ಇತ್ತೇನೇ?" ಎಂದರು. "ನಂಗ್ಯಾರೂ ತೋರಿಸ್ಲೇ ಇಲ್ಲ ಕಣೇ."