ಕಾಲರ್ ಮಹಾನಂದಾ ಮತ್ತು ಇಪ್ಪತ್ತೆರಡು ಅಂಗಿ

ಪೀಣ್ಯದ ಆ ಗಾರ್ಮೆಂಟ್ಸಿನಲ್ಲಿ ಬರೀ ಮಹಾನಂದಾ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕಾಲರ್ ಮಹಾನಂದಾ ಎನ್ನಬೇಕು. ಕೊಪ್ಪಳದ ಕಡೆಯ ಹೆಣ್ಣುಮಗಳು. ಹನ್ನೊಂದು ವರ್ಷದಿಂದ ಒಂದೇ ಮಷೀನಿನ ಮುಂದೆ ಕೂತು ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಾಳೆ. ತೋಳು ಹಚ್ಚುವವರು ಬೇರೆ, ಜೇಬಿನವರು ಬೇರೆ, ಗುಂಡಿಯವರು ಬೇರೆ. ಅವಳು ಕೂರಿಸಿದ ಕಾಲರು ಯಾವ ದೇಶದ ಯಾವ ಪುಣ್ಯಾತ್ಮನ ಕುತ್ತಿಗೆ ಸೇರಿತೋ ಆ ಶಿವನೇ ಬಲ್ಲ. ಆದರೂ ಯಾರಾದರೂ ಕೇಳಿದರೆ ‘ನಾನು ಟೇಲರ್’ ಎಂದು ಎದೆಯುಬ್ಬಿಸಿ ಹೇಳುವಳು. ಈ ಜಂಬವೇ ಅವಳನ್ನು ಸಿಕ್ಕಿಹಾಕಿಸಿತು.

ಪಕ್ಕದ ಕೋಣೆಯ ಶೀತಲ್ ಚರ್ಚಿಗೆ ಹೋಗುವವಳು. ಆ ಚರ್ಚಿಗೆ ಸಾಲೋಮಿ ಎಂಬ ಮಿಷನರಿ ಬಂದಿದ್ದರು. ಬೆಟಗೇರಿಯವರು. ಗಂಡನ ಜೊತೆ ಬಂಗಾಳದ ಕಡಲಂಚಿನ ಒಂದು ನಡುಗಡ್ಡೆಯಲ್ಲಿ ಹದಿನಾರು ವರ್ಷದಿಂದ ಬೆಸ್ತರ ಮಕ್ಕಳಿಗೆ ಶಾಲೆ ನಡೆಸುತ್ತಿರುವವರು. ಸೋಮವಾರ ವಾಪಸ್ಸು ರೈಲು. ಬುಧವಾರ ಸಂಜೆ ಶೀತಲ್ ಅವರನ್ನು ಕರೆತಂದು, “ಇವ್ರೇ ನಮ್ಮ ಟೇಲರ್ ಅಕ್ಕ” ಎಂದು ತೋರಿಸಿದಳು.

“ಸಣ್ಣ ಹುಡುಗರ ಅಂಗಿ ಹೊಲ್ಯಾಕ ಬರ್ತೈತೇನವಾ?” ಎಂದರು ಸಾಲೋಮಿ.

ತನ್ನ ಕಡೆಯ ಮಾತು ಕಿವಿಗೆ ಬಿದ್ದ ಖುಷಿಗೆ ಮಹಾನಂದಾ ಹಿಂದೆ ಮುಂದೆ ನೋಡಲಿಲ್ಲ. “ಬರ್ತೈತ್ರೀ ಅಕ್ಕಾರ, ಅದೇನ್ ದೊಡ್ಡದು!”

ಸಾಲೋಮಿ ಚೀಲದಿಂದ ದಾರಗಳ ಕಂತೆ ತೆಗೆದು ಮಂಚದ ಮೇಲೆ ಹರವಿದರು. ಬಲೆಯ ನೂಲು, ಸೀರೆಯ ಅಂಚು, ಸೆಣಬು, ಗಾಳಿಪಟದ ದಾರ, ಒಟ್ಟು ಇಪ್ಪತ್ತೆರಡು. ಅಳತೆ ಟೇಪು ಸಿಗದೆ, ಅವರವರ ಮನೆಯಿಂದ ಒಂದೊಂದು ದಾರ ತನ್ನಿ ಎಂದು ಮಕ್ಕಳಿಗೇ ಹೇಳಿದ್ದರಂತೆ. ಭುಜಕ್ಕೆ, ಎದೆಗೆ, ಉದ್ದಕ್ಕೆ ಗಂಟು ಹಾಕಿಕೊಂಡು ಬಂದಿದ್ದರು.

“ನಮ್ಮ ಹುಡುಗ್ರು ಹುಟ್ಟಿದಾಗಿಂದ ಮಂದಿ ಕೊಟ್ಟ ಅಂಗೀನ ಹಾಕ್ಯಾರ. ಒಬ್ಬಂದು ಮಣಕಾಲತನಕ, ಇನ್ನೊಬ್ಬಂದು ಹೊಕ್ಕಳ ಮ್ಯಾಲ. ಒಮ್ಮೆರ ತಮ್ಮ ಅಳತೀದು ಹಾಕ್ಕೊಳ್ಳಿ ಅಂತ ಆಸೆ.”

ಒಂದೊಂದು ದಾರ ಮುಟ್ಟಿ ಅವರು ಹೆಸರು ಹೇಳುತ್ತಾ ಹೋದರು. ಇವಳಿಗೆ ಹಲ್ಲು ಬಿದ್ದಿದೆ, ಇವನಿಗೆ ಲೆಕ್ಕ ಎಂದರೆ ಜ್ವರ, ಇವಳ ಅಪ್ಪನನ್ನು ಹೊಳೆ ಒಯ್ಯಿತು. ಚೀಟಿಯಿಲ್ಲ, ಪುಸ್ತಕವಿಲ್ಲ. ಮಹಾನಂದಾ ಬಾಯಿ ಬಿಟ್ಟುಕೊಂಡು ಕೇಳಿದಳು. ತನ್ನ ಲೈನಿನ ಸೂಪರ್‌ವೈಸರಿಗೆ ಹನ್ನೊಂದು ವರ್ಷವಾದರೂ ತನ್ನ ಮನೆತನದ ಹೆಸರು ಗೊತ್ತಿಲ್ಲ. ಹೆತ್ತವಳೂ ಅಲ್ಲದ ಹೆಂಗಸೊಬ್ಬಳು ಇಷ್ಟೊಂದು ಮಕ್ಕಳ ಮೈಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದುಂಟೇ?

ಮರುದಿನ ಕೆಲಸದಿಂದ ಬಂದು, ಗಂಡನ ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ ನೋಡಿ ಕಲಿಯಲು ಕೂತಳು. ಚರ್ಚಿನವರು ಕೊಟ್ಟ ನೀಲಿ ಬಟ್ಟೆ ಕತ್ತರಿಸಿ ಹೊಲಿದದ್ದೂ ಆಯಿತು. ಎಡ ತೋಳು ಬಲಕ್ಕೆ ಹೋಗಿತ್ತು, ಕಂಕುಳು ಜಗ್ಗುತ್ತಿತ್ತು. ಕಾಲರು ಮಾತ್ರ ಮದುವಣಿಗನ ಹಾಗೆ ನಿಂತಿತ್ತು. ಅವಳಿಗೆ ಅಳು ಬಂತು. ಸೋಮವಾರ ಆ ಅಮ್ಮ ಬರಿಗೈಯಲ್ಲಿ ಹೋಗಬೇಕಾದರೆ ಅದಕ್ಕೆ ತಾನೇ ಕಾರಣ.

ಶನಿವಾರ ಚರ್ಚಿನ ಹಾಲಿಗೆ ಹೋಗಿ ತಲೆತಗ್ಗಿಸಿ ನಿಂತಳು. “ಅಕ್ಕಾರ, ಸುಳ್ಳ ಹೇಳೀನ್ರಿ. ನನಗ ಕಾಲರ್ ಒಂದ ಬರೋದು.”

ಸಾಲೋಮಿ ನಕ್ಕರು. “ನನಗೂ ಈಸು ಬರ್ತಿದ್ದಿಲ್ಲ. ಬರ್ತೈತಿ ಅಂತ ಹೇಳಿ ದೋಣಿ ಹತ್ತಿದಾಕಿ ನಾ. ಅದಿರ್ಲಿ, ತೋಳು ಹಚ್ಚಾಕಿ ಯಾರು?”

“ನೀಲಾಂಬಿಕಾ ಅಂತ್ರಿ.”

“ಜೇಬಿಂದು?”

ಮಹಾನಂದಾಳಿಗೆ ಆಗ ಹೊಳೆಯಿತು. ಭಾನುವಾರ ಬೆಳಿಗ್ಗೆ ಏಳು ಮಂದಿಯನ್ನು ಕಟ್ಟಿಕೊಂಡು ಬಂದಳು. ಕತ್ತರಿಸಲು ಮುದುಕವ್ವ, ತೋಳಿಗೆ ನೀಲಾಂಬಿಕಾ, ಒಬ್ಬೊಬ್ಬರಿಗೂ ಅವರವರ ಕೆಲಸ. ಹಾಲಿನಲ್ಲಿ ಹೊಲಿಗೆ ಕಲಿಸುವ ಮಷೀನುಗಳಿದ್ದವು. ಹಣೆಗೆ ವಿಭೂತಿ ಹಚ್ಚಿಕೊಂಡವರು ಶಿಲುಬೆಯ ಕೆಳಗೆ ಕೂತು, ಬೈಯುವವರಿಲ್ಲದ ಲೈನಿನಲ್ಲಿ ಹಾಡು ಹೇಳಿಕೊಂಡು ಹೊಲಿದರು. ಸಂಜೆಯ ಹೊತ್ತಿಗೆ ಇಪ್ಪತ್ತೊಂದು ಅಂಗಿ ಮುಗಿದವು.

ಕೊನೆಯ ದಾರದಲ್ಲಿ ಗಂಟು ತಪ್ಪಿದಂತೆ ಕಂಡಿತು. ಕುತ್ತಿಗೆಯಿಂದ ಎಡ ಭುಜಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು.

“ತಪ್ಪಿಲ್ಲ ತಂಗಿ. ಬಿಕಾಶ ಕೂಸಿದ್ದಾಗ ದೋಣಿಯಿಂದ ಬಿದ್ದ. ಎಲುಬು ಸೊಟ್ಟ ಕೂಡೈತಿ. ಅವಂಗ ಯಾವ ಅಂಗೀನೂ ನೆಟ್ಟಗ ಕುಂದ್ರೂದಿಲ್ಲ, ಹುಡುಗ್ರು ನಗ್ತಾರ.”

ಎರಡು ತುದಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಾಲರನ್ನು ವಾಪಸ್ಸು ಎಸೆಯುವ ಕಾರ್ಖಾನೆಯವಳು ಅವಳು. ಸೊಟ್ಟ ಹೊಲಿಯಲು ಕೈ ಒಪ್ಪಲೊಲ್ಲದು, ತಾನಾಗಿ ಸಮಕ್ಕೆ ಹೋಗುತ್ತದೆ. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಉಳಿದವರು ಎದ್ದು ಬಂದು ಸುತ್ತ ನಿಂತರು. ಮೂರನೆಯ ಸಲ ಮುಗಿಸಿ ಎತ್ತಿ ಹಿಡಿದಾಗ ಅಂಗಿ ಒಂದು ಕಡೆ ವಾಲಿಕೊಂಡು ನೋಡಲಾರದಂತಿತ್ತು. ಎಲ್ಲರ ಎದುರು ಮಾನ ಹೋಯಿತೆಂದುಕೊಂಡಳು.

ಸಾಲೋಮಿ ಅಂಗಿಯನ್ನು ತೆಗೆದುಕೊಂಡು ತಮ್ಮ ಎದೆಗೆ ಒತ್ತಿ ಹಿಡಿದರು. ಹಿಡಿದು, ತಮಗೇ ಅರಿವಿಲ್ಲದೆ ಬಲ ಭುಜ ಇಳಿಸಿದರು, ಕುತ್ತಿಗೆ ತುಸು ಓರೆ ಮಾಡಿದರು, ಗಲ್ಲ ಮುಂದೆ ಚಾಚಿದರು. ಐವತ್ತು ದಾಟಿದ ಹೆಂಗಸು ಕಣ್ಣೆದುರೇ ಎಂಟು ವರ್ಷದ ಹುಡುಗನಾಗಿ ನಿಂತರು. ಮಹಾನಂದಾ ಬೆರಗಾಗಿ ಕೈ ಮುಗಿದಳು.

ಹುಡುಗನ ಕತ್ತಿನ ಕೆಳಗೆ ಕಾಲರು ನೆಟ್ಟಗೆ ಕೂತಿತ್ತು.