ಜೆರ್ಮೇನತ್ತೆಯ ಮುಂದೆ ಎಲ್ಲರೂ ಕರಡಿಯೇ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಡಿನ ನಡುವೆ, ಕರಡಿಯನ್ನು ಸೆಳೆಯಲೆಂದು ಹಳಸಿದ ಡೋನಟ್ ಮತ್ತು ಕಾಕಂಬಿ ತುಂಬಿಟ್ಟ ಡ್ರಮ್ಮೊಂದರ ಮುಂದೆ, ಅರವತ್ತು ದಾಟಿದ ಗಂಡಸೊಬ್ಬ ಕೈಕಾಲು ಊರಿ ನಾಲ್ಕು ಕಾಲಿನ ಪ್ರಾಣಿಯಂತೆ ನಿಂತಿದ್ದಾನೆ. ಅಂಗೈಗಳು ಕೆಸರಲ್ಲಿ ಹೂತಿವೆ. ಪಕ್ಕದಲ್ಲಿ ಕೋಲೂರಿ ನಿಂತ ಹೆಂಗಸೊಬ್ಬರು ಹೆಬ್ಬೆರಳಿನಿಂದ ಅವನ ಪಕ್ಕೆಲುಬನ್ನು ಒತ್ತಿ ಒತ್ತಿ ನೋಡುತ್ತಿದ್ದಾರೆ.

"ತಲೆ ತಗ್ಸು. ಕರಡಿ ಹೀಗೆ ಆಕಾಶ ನೋಡ್ಕೊಂಡು ತಿನ್ನುತ್ತಾ?"

"ತಗ್ಸಿದೀನಲ್ಲ ಮಾರಾಯ್ತಿ."

"ಮುಂಗಾಲು? ಬಾಣ ಬಿಟ್ಟಾಗ ನಿನ್ನ ಕಡೆಯ ಮುಂಗಾಲು ಎಲ್ಲಿತ್ತು?"

ಗಂಡಸು ಬಲಗೈಯನ್ನು ಮುಂದಿಡುತ್ತಾನೆ. ಆಮೇಲೆ ಹಿಂದಕ್ಕೆಳೆಯುತ್ತಾನೆ. ಮತ್ತೆ ಯೋಚಿಸಿ ಅರ್ಧಕ್ಕೆ ತಂದು ನಿಲ್ಲಿಸುತ್ತಾನೆ. ಹೆಂಗಸು ಅವನ ಮುಖವನ್ನೇ ನೋಡುತ್ತಾರೆ. ಗಿಡ್ಡ ಕಾಲಿನ, ಒರಟು ಕೂದಲಿನ ನಾಯಿಯೊಂದು ಇವರಿಬ್ಬರನ್ನೂ ನೋಡಿ ಆಕಳಿಸುತ್ತದೆ.

ಈ ಹೆಂಗಸೇ ಜೆರ್ಮೇನ್ ಮಿಶೋ. ಮೇನ್ ರಾಜ್ಯದ ತುತ್ತತುದಿಯಲ್ಲಿ, ಸೇಂಟ್ ಜಾನ್ ನದಿಯ ಈ ದಂಡೆಯಲ್ಲಿ, ಊರಿಗೆಲ್ಲ ತಾಂತ್ ಜೆರ್ಮೇನ್, ಅಂದರೆ ಜೆರ್ಮೇನತ್ತೆ. ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ ಬೇಯಿಸುತ್ತಾರೆ. ಕರಡಿ ಬೇಟೆಯ ಕಾಲ ಬಂತೆಂದರೆ ಇನ್ನೊಂದು ಕೆಲಸ ತಲೆಗೆ ಬೀಳುತ್ತದೆ. ಬಿಲ್ಲಿನವರು ಯಾರಾದರೂ ಕರಡಿಗೆ ಬಾಣ ಬಿಟ್ಟು, ಅದು ಓಡಿಹೋಗಿ, ಎಲ್ಲಿ ಬಿತ್ತೆಂದು ತಿಳಿಯದೆ ಕೈಚೆಲ್ಲಿ ಕೂತಾಗ ಫೋನ್ ಬರುವುದು ಇವರಿಗೆ. ಪತಾತ್ ಎಂಬ ಈ ನಾಯಿಯನ್ನು ಉದ್ದ ಹಗ್ಗಕ್ಕೆ ಕಟ್ಟಿಕೊಂಡು, ಗಾಯದ ಜಾಡು ಹಿಡಿದು, ಆ ಪ್ರಾಣಿಯನ್ನು ಹುಡುಕಿಕೊಡುವುದು ಇವರ ಕೆಲಸ. ಇವತ್ತು ಶನಿವಾರ, ಮಲಗಿರಬೇಕಾದ ದಿನ. ಕಣ್ಣ ಕೆಳಗೆ ಚೀಲ ಕಟ್ಟಿದೆ, ಮಂಡಿಗೆ ಸುತ್ತಿದ ಪಟ್ಟಿ ಪ್ಯಾಂಟಿನ ಮೇಲೂ ಎದ್ದು ಕಾಣುತ್ತದೆ.

ಕೆಸರಲ್ಲಿ ನಿಂತಿರುವ ಕರಡಿ ಬೇರೆ ಯಾರೂ ಅಲ್ಲ, ಅವರ ಸ್ವಂತ ತಮ್ಮ ಅಲ್ಸಿಡ್. ಈ ಕಾಡಿನಲ್ಲಿ ಬೇಟೆಗಾರರ ಬಿಡಾರ ನಡೆಸುವವನು. ಹೊರಗಿನಿಂದ ಬಂದವರಿಗೆ ಮರದ ಮೇಲೆ ಅಟ್ಟಣೆ ಕಟ್ಟಿಕೊಡುವವನು, ಎಲ್ಲಿ ಹೊಡೆಯಬೇಕು, ಯಾವಾಗ ಹೊಡೆಯಬಾರದು ಎಂದು ಬೈದು ಬೈದು ಕಲಿಸುವವನು. ನಿನ್ನೆ ಸಂಜೆ ತನ್ನದೇ ಪರವಾನಗಿಯಲ್ಲಿ ಅಟ್ಟಣೆ ಹತ್ತಿದ್ದಾನೆ. ಕರಡಿ ಬಂದಿದೆ, ಬಾಣ ಬಿಟ್ಟಿದ್ದಾನೆ, ಕರಡಿ ಹೋಗಿದೆ. ಬಿಡಾರದ ಇಬ್ಬರು ಅತಿಥಿಗಳು ದೂರದಲ್ಲಿ ನಿಂತು, ತಮ್ಮ ಗುರುಗಳು ಮಂಡಿಯೂರಿರುವುದನ್ನು ನೋಡಿ ನಗಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿಯುತ್ತಿದ್ದಾರೆ.

ಮಧ್ಯಾಹ್ನಕ್ಕೆ ಮಳೆ ಇದೆ. ಮಳೆ ಬಿದ್ದರೆ ಜಾಡು ತೊಳೆದುಹೋಗುತ್ತದೆ. ಎಲ್ಲೋ ಪೊದೆಯೊಳಗೆ ಹೊಟ್ಟೆ ಸೀಳಿಸಿಕೊಂಡು ಮಲಗಿದ ಪ್ರಾಣಿ ಅಲ್ಲೇ ನರಳುತ್ತಾ ಉಳಿಯುತ್ತದೆ. ಜೆರ್ಮೇನ್ ಅವರಿಗೆ ನಿದ್ದೆ ಹತ್ತದಂತೆ ಮಾಡುವುದು ಅದೊಂದೇ ಯೋಚನೆ.

ಬೇಟೆಗಾರನನ್ನು ಕರಡಿ ಮಾಡುವ ಈ ಪದ್ಧತಿ ಅವರದೇ. ಎಷ್ಟೇ ದೊಡ್ಡ ಮನುಷ್ಯನಾಗಲಿ, ಮೊದಲು ಮಂಡಿಯೂರಬೇಕು. "ಬಾಯಲ್ಲಿ ಕೇಳಿದ್ರೆ ಎಲ್ಲರೂ ಎದೆಗೇ ಹೊಡೆದಿರ್ತಾರೆ" ಎನ್ನುತ್ತಾರೆ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನೊಡನೆ. "ಬೇಕಂತ ಸುಳ್ಳು ಹೇಳಲ್ಲ, ಪಾಪ. ಕೈ ನಡುಗ್ತಿರುತ್ತೆ, ಏನೂ ನೆನಪಿರಲ್ಲ. ಮಂಡಿ ಊರಿಸಿ, ಕಾಲು ಎಲ್ಲಿತ್ತು, ಯಾವ ಕಡೆ ತಿರುಗಿತ್ತು ಅಂತ ಕೇಳ್ತಾ ಹೋದ್ರೆ ನಿಧಾನಕ್ಕೆ ಬರುತ್ತೆ."

ಕರಡಿಯ ಕಾಲಿನ ಮೇಲೆ ಯಾಕಿಷ್ಟು ಗಮನ ಎಂದರೆ, ಹತ್ತಿರದ ಮುಂಗಾಲು ಮುಂದೆ ಹೋದಾಗ ಮಾತ್ರ ಎದೆಗೂಡು ತೆರೆದುಕೊಳ್ಳುತ್ತದೆ. ಕಾಲು ಹಿಂದಿದ್ದರೆ ಭುಜದ ಮೂಳೆ ಅಡ್ಡ. ಎದುರು ನಿಂತಿದ್ದರೆ ಬಾಣ ಮುಟ್ಟಲೇಬಾರದು. ಸ್ವಲ್ಪ ಆಚೆ ತಿರುಗಿ ನಿಂತಿದ್ದರೆ ವಾಸಿ, ಆಚೆ ಬದಿಯ ಮುಂಗಾಲನ್ನು ಮನಸ್ಸಲ್ಲಿಟ್ಟುಕೊಂಡು ಬಿಡಬಹುದು. ಜಿಂಕೆ ಹೊಡೆದು ಅಭ್ಯಾಸವಾದವರು ಇಲ್ಲಿ ಮುಗ್ಗರಿಸುತ್ತಾರೆ. ಅವರ ಕಣ್ಣು ಕೆಳಗಿಳಿಯುತ್ತದೆ. ಈ ಕಾಲದಲ್ಲಿ ಕರಡಿಯ ಹೊಟ್ಟೆಯ ಕೆಳಗೆ ಕೂದಲು ಜೋಲುತ್ತಿರುತ್ತದೆ, ಅದನ್ನೂ ಮೈ ಎಂದೇ ತಿಳಿದು ಬಾಣ ಬಿಡುತ್ತಾರೆ.

"ಒದ್ದೆ ಕೋಟು ಹಾಕ್ಕೊಂಡ ಹಾಗೆ ಅದು. ಕೋಟಿಗೆ ಹೊಡೆದು ಏನು ಬಂತು? ಮೈಯ ಮಧ್ಯಕ್ಕೆ ಹೊಡೀರಿ ಅಂತ ಬಡ್ಕೋತೀನಿ. ಎತ್ತರದಲ್ಲೂ ಮಧ್ಯ. ಯಾರು ಕೇಳ್ತಾರೆ?"

ಬಾಣದ ಅಲಗಿನ ವಿಷಯಕ್ಕೆ ಬಂದರೆ ಅಕ್ಕ ತಮ್ಮನ ಜಗಳ ಹಳೆಯದು. ಅಂಗಡಿಯಲ್ಲಿ ಈಗ ಮಡಚುವ ಅಲಗುಗಳೇ ಹೆಚ್ಚು. ಹಾರುವಾಗ ಮುಚ್ಚಿಕೊಂಡಿದ್ದು, ತಗುಲಿದಾಗ ಬಿಚ್ಚಿಕೊಳ್ಳುತ್ತವೆ. ಗಾಯ ಅಗಲ, ನೋಡಲು ಬಲು ಚೆಂದ. ಜೆರ್ಮೇನ್ ಅವರಿಗೆ ಅವನ್ನು ಕಂಡರಾಗದು. ಬಿಚ್ಚಿಕೊಳ್ಳುವುದರಲ್ಲೇ ಬಾಣದ ಅರ್ಧ ಕಸುವು ಹೋಗುತ್ತದೆ, ಆಚೆ ಬದಿಯಿಂದ ಹೊರಬೀಳುವುದಿಲ್ಲ ಎಂಬುದು ಅವರ ವಾದ. ಮರದ ಮೇಲಿಂದ ಹೊಡೆದಾಗ ಒಳಹೋದ ತೂತು ಮೇಲಿರುತ್ತದೆ, ಕೊಬ್ಬು ಅದನ್ನು ಮುಚ್ಚುತ್ತದೆ, ಕೂದಲು ರಕ್ತವನ್ನೆಲ್ಲ ಹೀರುತ್ತದೆ. ನೆಲಕ್ಕೆ ಹನಿ ಬೀಳಬೇಕಾದರೆ ಕೆಳಗೊಂದು ತೂತು ಬೇಕು. ಅದಕ್ಕೆ ಕದಲದ, ಗಟ್ಟಿಯಾದ, ಎರಡೇ ಅಂಚಿನ ಅಲಗು ಸಾಕೆನ್ನುತ್ತಾರೆ. ಬಿಡಾರದ ಅಡುಗೆಮನೆಯಲ್ಲಿ ಕೂತು ಅವರೇ ಅವನ್ನು ಕಲ್ಲಿಗೆ ಮಸೆಯುತ್ತಾರೆ. ರಬ್ಬರ್ ಬ್ಯಾಂಡ್ ಎಳೆದು ಹಿಡಿದು ಅಲಗನ್ನು ಹಾಗೇ ತಾಗಿಸಿದರೆ ಪಟ್ಟನೆ ತುಂಡಾಗಬೇಕು. ಆಗದಿದ್ದರೆ ಮತ್ತೆ ಕಲ್ಲು.

"ದುಡ್ಡು ಕೊಟ್ಟು ಬಂದವರಿಗೆ ನಿಮ್ಮ ಅಲಗು ಸರಿಯಿಲ್ಲ ಅನ್ನೋಕಾಗುತ್ತಾ?" ಎಂದು ಅಲ್ಸಿಡ್ ಪ್ರತಿ ವರ್ಷ ಕೇಳುತ್ತಾನೆ.

"ಅವರು ಹೊರಟುಹೋಗ್ತಾರೆ. ಪೊದೆಯೊಳಗೆ ತೆವಳೋಳು ನಾನು" ಎಂದು ಇವರೂ ಪ್ರತಿ ವರ್ಷ ಹೇಳುತ್ತಾರೆ.

ಈ ಬೆಳಿಗ್ಗೆ ಆ ಜಗಳಕ್ಕೆ ಜಾಗವಿಲ್ಲ. ಹುಲ್ಲಲ್ಲಿ ಸಿಕ್ಕ ಬಾಣವನ್ನು ಜೆರ್ಮೇನ್ ಮೂಗಿನ ಹತ್ತಿರ ಹಿಡಿಯುತ್ತಾರೆ. ಅಲಗು ಗಟ್ಟಿಯದು, ಅವರೇ ಮಸೆದುಕೊಟ್ಟದ್ದು. ಅದರಲ್ಲೊಂದು ದೋಷವಿಲ್ಲ. ಮೇಲೆ ಅಂಟಿರುವುದು ಬಿಳಿ ಕೊಬ್ಬು, ಒಂದಿಷ್ಟು ಉದ್ದ ಕೂದಲು. ಶ್ವಾಸಕೋಶದ ನೊರೆರಕ್ತ ಇಲ್ಲ, ಕರುಳಿನ ವಾಸನೆಯೂ ಇಲ್ಲ. ಅವರು ಬಾಣವನ್ನು ತಮ್ಮನ ಕೈಗಿಟ್ಟು "ನಡಿ" ಎನ್ನುತ್ತಾರೆ.

ಜಾಡು ಹಿಡಿಯುವುದೆಂದರೆ ಕಾಡಲ್ಲಿ ಅಡ್ಡಾಡುವುದು ಎಂದುಕೊಂಡವರು ಒಮ್ಮೆ ಇವರ ಹಿಂದೆ ಬರಬೇಕು. ಆಲ್ಡರ್ ಪೊದೆಗಳು ಮುಖಕ್ಕೆ ಬಾರಿಸುತ್ತವೆ, ಬೂಟಿನೊಳಗೆ ನೀರು, ಕಿವಿಯೊಳಗೆ ಸೊಳ್ಳೆ. ಪತಾತ್ ಮೂಗು ನೆಲಕ್ಕಿಟ್ಟರೆ ಹಿಂದಿರುವವರ ಕಷ್ಟ ಅದಕ್ಕೆ ಬೇಕಿಲ್ಲ. ಬಿದ್ದ ಮರ ದಾಟುವಾಗೆಲ್ಲ ಜೆರ್ಮೇನ್ ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಆಚೆ ಹಾಕಿಕೊಳ್ಳುತ್ತಾರೆ. "ಅಯ್ಯೋ ದೇವರೇ, ಸಾಕಪ್ಪಾ ಸಾಕು" ಎನ್ನುತ್ತಲೇ ಏಳುತ್ತಾರೆ. ಹೊಳೆಯ ಕಡಿದಾದ ದಂಡೆಯಲ್ಲಿ ಅವರ ಮಂಡಿ ಕೈಕೊಡುತ್ತದೆ. ಹಗ್ಗವನ್ನು ತಮ್ಮನಿಗೆ ಚಾಚುತ್ತಾರೆ, ಆತ ನಾಯಿಯ ಹಿಂದೆ ಇಳಿದುಹೋಗುತ್ತಾನೆ.

"ರಕ್ತ ಇದೆಯಾ ನೋಡು, ಕಲ್ಲಿನ ಮೇಲೆ" ಎಂದು ಇವರು ಮೇಲಿಂದ ಕೂಗುತ್ತಾರೆ.

"ಎಲ್ಲಿ? ಯಾವ ಕಲ್ಲು?"

"ನಿನ್ನ ಕಾಲ ಬುಡದಲ್ಲೇ ಇದೆಯಲ್ಲೋ! ಕೆಂಪಗೆ!"

ಅಲ್ಸಿಡ್ ಬಗ್ಗುತ್ತಾನೆ, ಮುಖವನ್ನು ಕಲ್ಲಿನವರೆಗೂ ತಂದು ಹುಡುಕುತ್ತಾನೆ. ಜೆರ್ಮೇನ್ ಮೇಲಿಂದ ಅದನ್ನು ನೋಡುತ್ತಾ ನಿಲ್ಲುತ್ತಾರೆ. ಅಷ್ಟು ಹೊತ್ತೂ ಅವರು ಅನುಮಾನಿಸುತ್ತಿದ್ದುದು ಏನೆಂದು ನನಗೂ ಆಗ ತಿಳಿಯುತ್ತದೆ.

ಹೊಳೆಯಾಚೆ ಕಾಡುರಾಸ್‌ಬೆರಿ ಪೊದೆಗಳಲ್ಲಿ ಪತಾತ್ ನಿಲ್ಲುತ್ತದೆ. ಅಲ್ಲಿ ಕರಡಿ ಇಲ್ಲ. ಅದರ ಬಿಸಿ ಹಿಕ್ಕೆ ಇದೆ, ತುಂಬ ಹಣ್ಣಿನ ಬೀಜ. ಪೊದೆಯ ಕೊಂಬೆಗಳನ್ನು ಈಗಷ್ಟೇ ಜಗ್ಗಿ ತಿಂದ ಗುರುತಿದೆ. ರಕ್ತ ಹೊಳೆಯಲ್ಲೇ ನಿಂತುಹೋಗಿದೆ. ದಂಡೆ ತಗ್ಗಿದ ಕಡೆಯಿಂದ ಹೊಳೆ ದಾಟಿ ಬಂದ ಜೆರ್ಮೇನ್ ಕೂತುಬಿಡುತ್ತಾರೆ, ನಾಯಿಯನ್ನು ಮಡಿಲಿಗೆಳೆದುಕೊಂಡು ಅದರ ಕಿವಿ ತಿಕ್ಕುತ್ತಾರೆ.

"ಬದುಕುತ್ತೆ. ಎದೆಯ ಕೆಳಗಿನ ಕೊಬ್ಬು ಸೀಳಿದೆ ಅಷ್ಟೆ. ಹೊಟ್ಟೆ ತುಂಬ ತಿಂದು ನಡ್ಕೊಂಡು ಹೋಗಿದೆ, ಬಡ್ಡೀಮಗಂದು." ಅವರ ದನಿಯಲ್ಲಿ ಸಮಾಧಾನವಿದೆ. ಅಳುವೂ ಅದರ ಹತ್ತಿರವೇ ಇದೆ.

ಅತಿಥಿಗಳು ಹಿಂದೆಯೇ ಉಳಿದಿದ್ದಾರೆ. ಜೆರ್ಮೇನ್ ತಮ್ಮನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾರೆ.

"ಕಾಲು ಕಾಣಿಸ್ಲಿಲ್ಲ ಅಲ್ವಾ ನಿಂಗೆ?"

ಆತ ಅಂಗೈಯಲ್ಲಿ ಒಣಗಿದ ಕೆಸರನ್ನು ಉಜ್ಜುತ್ತಾನೆ. ಆಮೇಲೆ, "ಕಪ್ಪಗಿತ್ತು. ಕಪ್ಪಗೆ ಒಂದು ದೊಡ್ಡ ಗುಡ್ಡೆ. ಕೆಳಗಡೆ ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗ್ಲಿಲ್ಲ."

"ಯಾವಾಗಿಂದ?"

"ಹೋದ ವರ್ಷ ಸ್ವಲ್ಪ. ಈ ವರ್ಷ ಸಂಜೆಯಾದ್ರೆ ಪೂರ್ತಿ."

"ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಬಿಲ್ಲು ಕೆಳಗಿಡು ಅಂತಿದ್ದೆ."

"ಅಂತಿದ್ದೆ. ಈಗ್ಲೂ ಅಂತೀನಿ."

ಬಿಡಾರದ ಬಾಗಿಲಿಗೆ ಅಲ್ಸಿಡ್ ತಾನೇ ಬರೆದು ಹಾಕಿದ ನಿಯಮವೊಂದಿದೆ: ಗಾಯ ಮಾಡಿದ ಕರಡಿ ಸಿಕ್ಕರೂ ನಿಮ್ಮದು, ಸಿಗದಿದ್ದರೂ ನಿಮ್ಮದು, ಬೇಟೆ ಮುಗಿಯಿತು. ಅದನ್ನು ಮುಂದಿಟ್ಟು ಎಷ್ಟೋ ಜನರನ್ನು ಅಟ್ಟಣೆಯಿಂದ ಇಳಿಸಿದವನು ಆತ. ಆವತ್ತು ಮಧ್ಯಾಹ್ನ, ಮಳೆ ಶುರುವಾದ ಮೇಲೆ, ಅತಿಥಿಗಳ ಎದುರೇ ಬಿಲ್ಲಿನ ದಾರ ಸಡಿಲಿಸಿ ಗೋಡೆಗೆ ತೂಗುಹಾಕುತ್ತಾನೆ. ಜೆರ್ಮೇನ್ ಒಲೆಯ ಮುಂದೆ ನಿಂತು ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ದೋಸೆ ಹುಯ್ಯುತ್ತಿದ್ದಾರೆ. ಮೊದಲ ದೋಸೆ ತಮ್ಮನ ತಟ್ಟೆಗೆ, ಬೆಣ್ಣೆ ಎಲ್ಲರಿಗಿಂತ ಹೆಚ್ಚು. ನೋಡಲು ನನಗೇ ಕಷ್ಟವಾಗುತ್ತದೆ.

ನಿಮ್ಮ ಆಸೆಯೇನು ಎಂದು ಜೆರ್ಮೇನ್ ಅವರನ್ನು ಕೇಳುತ್ತೇನೆ. "ಒಂದು ವರ್ಷ ಫೋನೇ ಬರಬಾರದು" ಎನ್ನುತ್ತಾರೆ. "ಎಲ್ಲರೂ ಸರಿಯಾಗಿ ಹೊಡೀಲಿ, ಇಲ್ಲ ಹೊಡೀದೇ ವಾಪಸ್ ಬರ್ಲಿ. ನಾನು, ಪತಾತ್ ಬೆಳಿಗ್ಗೆ ಎಂಟರವರೆಗೂ ಮಲಗಿರ್ತೀವಿ."

ಮುಂದಿನ ಶನಿವಾರ ಮುಂಜಾನೆಯೇ ಫೋನ್ ಬರುತ್ತದೆ. ಇನ್ನೊಂದು ಬಿಡಾರದ ಅತಿಥಿ, ಡ್ವೇನ್ ಎಂಬ ಭಾರೀ ಆಳು, ಪೆನ್ಸಿಲ್ವೇನಿಯಾದಲ್ಲಿ ಮನೆಗಳಿಗೆ ಮಾಡು ಹೊದಿಸುವವನು. ನಾವು ಹೋಗುವಷ್ಟರಲ್ಲಿ ಅವನ ಕಣ್ಣು ಕೆಂಪಾಗಿದೆ. ಜೆರ್ಮೇನ್ ಕೋಲೂರಿ ಬರುತ್ತಿದ್ದಾರೆ, ನಾಯಿಯ ಹಗ್ಗ ಅಲ್ಸಿಡ್ ಕೈಯಲ್ಲಿದೆ. ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲವಂತೆ, ಕತ್ತಲಲ್ಲೇ ನಡೆದು ಬಂದು ಅಕ್ಕನ ಮನೆ ಮುಂದೆ ನಿಂತಿದ್ದನಂತೆ.

"ಎದೆಗೇ ಹೊಡೆದೆ ಮೇಡಂ, ಖಂಡಿತ ಎದೆಗೇ..." ಎಂದು ಡ್ವೇನ್ ಶುರುಮಾಡುತ್ತಾನೆ. ಅವನ ಸಂಗಡಿಗರು ಸುತ್ತ ನಿಂತಿದ್ದಾರೆ. ಒಬ್ಬ ಆಗಲೇ ಫೋಟೊ ತೆಗೆಯಲು ಫೋನ್ ಎತ್ತಿದ್ದಾನೆ.

ಮಂಡಿಯೂರು ಎನ್ನಲು ಜೆರ್ಮೇನ್ ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಅಲ್ಸಿಡ್ ಹಗ್ಗವನ್ನು ನನ್ನ ಕೈಗೆ ತುರುಕಿ, ಅಲ್ಲಿನ ಡ್ರಮ್ಮಿನ ಮುಂದೆ ಹೋಗಿ, ಕೆಸರಿಗೆ ಎರಡೂ ಅಂಗೈ ಊರಿ, ತಾನೇ ಕರಡಿಯಾಗಿ ನಿಂತುಬಿಡುತ್ತಾನೆ.

"ಬಾರಪ್ಪ, ಬೆರಳಿಟ್ಟು ತೋರ್ಸು. ಯಾವ ಕಾಲು ಮುಂದಿತ್ತು, ಹಿಡಿದು ಸರಿಯಾಗಿಡು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು, ಏನೂ ಆಗಲ್ಲ. ಬೇಗ, ನೆಲ ತಣ್ಣಗೆ ಕೊರೀತಿದೆ."

ಡ್ವೇನ್ ಬಗ್ಗಿ, ಬೆರಳನ್ನು ಆ ಮುದುಕನ ಪಕ್ಕೆಯ ಮೇಲೆ ನಿಧಾನವಾಗಿ ಇಡುತ್ತಾನೆ. ಫೋನ್ ಎತ್ತಿದ್ದವನು ಅದನ್ನು ಜೇಬಿಗಿಳಿಸುತ್ತಾನೆ. ಜೆರ್ಮೇನ್ ನನ್ನ ಕಡೆ ತಿರುಗುತ್ತಾರೆ.

"ಎಷ್ಟು ಜನ ಕರಡಿಯಾಗಿದಾರೆ ನನ್ನ ಮುಂದೆ" ಎನ್ನುತ್ತಾರೆ. "ಇಷ್ಟು ಚೆನ್ನಾಗಿ ಯಾರೂ ನಿಂತಿರಲಿಲ್ಲ. ಬರ್ಕೊಳ್ಳಿ, ನನ್ನ ತಮ್ಮ ಅವನು."